ಒಂಬತ್ತನೇ ನಂಬರಿನ ಅಂಗಿ

ಹನ್ನೊಂದು ಜನ ಆಡಿದರೆ ಮಾತ್ರ ಅದು ಫುಟ್‌ಬಾಲ್ ಎಂದು ನಿಯಮ ಮಾಡಿದವರು ಸುಳ್ಯವನ್ನು ನೋಡಿರಲಿಲ್ಲ. ಅಷ್ಟು ಜನ ಓಡಾಡುವಷ್ಟು ಸಪಾಟು ಜಾಗವನ್ನು ದೇವರು ನಮ್ಮ ತಾಲೂಕಿಗೆ ದಯಪಾಲಿಸಿರಲಿಲ್ಲ. ಹಾಗಾಗಿ ನಾವು ಒಂದೊಂದು ಕಡೆಗೆ ಏಳು ಜನರಂತೆ ಆಡುತ್ತಿದ್ದೆವು, ಅದನ್ನು ಸೆವೆನ್ಸ್ ಎನ್ನುತ್ತಿದ್ದೆವು. ಉಳಿದ ಎಂಟು ಜನರ ಕೊರತೆ ನಮಗೆ ಯಾವತ್ತೂ ಕಂಡದ್ದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಗದ್ದೆಯ ಕೊಯ್ಲು ಮುಗಿದು ಮಳೆ ಹಿಡಿಯುವುದರೊಳಗೆ ಸಿಗುವ ಎರಡು ತಿಂಗಳಲ್ಲಿ ಪುತ್ತೂರು, ಕಡಬ, ಸುಳ್ಯ ಎಲ್ಲ ಕಡೆ ಪಂದ್ಯಾಟಗಳು. ಆಡಲು ಬರುವವರಲ್ಲಿ ಅರ್ಧಕ್ಕರ್ಧ ಗಡಿಯಾಚೆಯ ಮಲೆಯಾಳದವರು. ಬೆಳಗಿನ ಬಸ್ಸಿನಲ್ಲಿ ಲುಂಗಿ ಉಟ್ಟು ಬಂದಿಳಿದು, ಹೋಟೆಲಿನಲ್ಲಿ ಕುಚ್ಚಲಕ್ಕಿ ಗಂಜಿ ಉಂಡು, ಮಧ್ಯಾಹ್ನ ಶಾಲೆಯ ಜಗಲಿಯಲ್ಲಿ ನಿದ್ದೆ ಹೊಡೆದು, ನಾಲ್ಕು ಗಂಟೆಗೆ ಎದ್ದು ನಮ್ಮನ್ನು ಸೋಲಿಸಿ ಹೋಗುವುದು ಅವರ ಪದ್ಧತಿ.

ಅವರಲ್ಲಿ ಒಬ್ಬನಿದ್ದ. ಹೆಸರು ನಮಗೆ ಬೇಕಿರಲಿಲ್ಲ. ಒಂಬತ್ತನೇ ನಂಬರ್ ಎಂದರೆ ಕಡಬದಿಂದ ಗಡಿಯವರೆಗೆ ಯಾರಿಗೂ ಬೇರೆ ವಿಳಾಸ ಹೇಳಬೇಕಾಗಿರಲಿಲ್ಲ. ವಾರವೆಲ್ಲ ಕಾಡಿನಲ್ಲಿ ಲಾರಿಗೆ ಮರ ಹೇರುವ ಕೆಲಸ, ಶನಿವಾರ ಭಾನುವಾರ ಆಟ. ಪುತ್ತೂರಿನಲ್ಲಿ ಅವನು ಕಾರ್ನರಿನಿಂದ ಹೊಡೆದ ಚೆಂಡು ಯಾರನ್ನೂ ಮುಟ್ಟದೆ ಗಾಳಿಯಲ್ಲೇ ತಿರುಗಿ ಗೋಲಿನೊಳಗೆ ಹೋಯಿತಂತೆ. ಕಡಬದಲ್ಲಿ ಅವನ ಒಂದು ಹೊಡೆತವನ್ನು ತಡೆದ, ಗೋಲು ಕಾಯುವ ಗೋಲಿಯ ಅಂಗೈಯಲ್ಲಿ ಚೆಂಡಿನ ಹೊಲಿಗೆಯ ಅಚ್ಚು ಮೂಡಿ, ಆ ಪುಣ್ಯಾತ್ಮ ಮೂರು ದಿನ ಎಡಗೈಯಲ್ಲಿ ಉಂಡನಂತೆ. ಈ ವಾರ್ತೆಗಳನ್ನು ಸುಬ್ರಹ್ಮಣ್ಯದ ಬಸ್ಸಿನ ಕಂಡಕ್ಟರೊಬ್ಬರು ಟಿಕೇಟಿನ ಜೊತೆ ಉಚಿತವಾಗಿ ಹಂಚುತ್ತಿದ್ದರು. ಅವರು ಸುಳ್ಳು ಹೇಳುವವರಲ್ಲ. ಚಿಲ್ಲರೆ ವಿಷಯದಲ್ಲಿ ಬಿಟ್ಟರೆ.

ಆ ವರ್ಷ ಅವನು ಸುಳ್ಯಕ್ಕೆ ಬರುತ್ತಾನೆ ಎಂದು ಗೊತ್ತಾದದ್ದೂ, ಅಂಗಡಿಯಿಂದ ಒಣಮೀನು ಕಟ್ಟಿಕೊಟ್ಟ ಇಂಗ್ಲಿಷ್ ಪತ್ರಿಕೆಯ ಹಾಳೆ ನಮ್ಮ ಮನೆಗೆ ಬಂದದ್ದೂ ಒಂದೇ ವಾರ. ಆ ಹಾಳೆಯಲ್ಲಿ ಯಾವುದೋ ದೇಶದ ಆಟಗಾರನ ಚಿತ್ರ. ಅವನನ್ನು ಜನ ಹೆಗಲ ಮೇಲೆ ಹೊತ್ತಿದ್ದಾರೆ, ಅವನ ಮೈಮೇಲೆ ಚಡ್ಡಿಯೊಂದು ಬಿಟ್ಟು ಏನೂ ಇಲ್ಲ. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು, ಇಂಗ್ಲಿಷೂ ಬಲ್ಲವರು. ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡೇ ಅವರು ಕೆಳಗಿನ ಸಾಲನ್ನು ಓದಿ ಅರ್ಥ ಹೇಳಿದರು: ಗೆದ್ದವನ ಅಂಗಿಗಾಗಿ ಅಭಿಮಾನಿಗಳು ಮೈದಾನಕ್ಕೆ ನುಗ್ಗಿದರಂತೆ, ಅವನು ಅಂಗಿ ಕೊಟ್ಟನಂತೆ. ಒಂದು ಚರ್ಮದ ಚೀಲದ ಹಿಂದೆ ಓಡುವವರ ಹಿಂದೆ ಓಡುವವರು ಇನ್ನೆಂತ ಮಾಡಿಯಾರು ಎಂದು ತಮ್ಮ ಅಭಿಪ್ರಾಯವನ್ನೂ ಸೇರಿಸಿದರು. ಅಭಿಪ್ರಾಯ ನನ್ನ ಕಿವಿಗೆ ಬೀಳಲಿಲ್ಲ. ಗೆದ್ದವನು ಅಂಗಿ ಕೊಡುತ್ತಾನೆ ಎನ್ನುವ ಶಾಸ್ತ್ರ ಮಾತ್ರ ಬಿತ್ತು. ನಾನೂ ನೆರೆಮನೆಯ ನನ್ನ ಗೆಳೆಯನೂ ಅಂದೇ ತೀರ್ಮಾನಿಸಿದೆವು. ಒಂಬತ್ತನೇ ನಂಬರಿನ ಅಂಗಿ ನಮಗೆ ಬೇಕು. ಬೇಕು ಎಂದರೆ, ಎಸ್ಸೆಸ್ಸೆಲ್ಸಿ ಪಾಸಾಗುವುದಕ್ಕಿಂತ ಹೆಚ್ಚು ಬೇಕು.

ಇಲ್ಲಿ ಒಂದು ವಿಷಯವನ್ನು ಒಪ್ಪಿಕೊಳ್ಳದಿದ್ದರೆ ಓದುವವರಿಗೆ ಮೋಸವಾದೀತು. ಆ ಅಂಗಿ ಎಲ್ಲಿಂದ ಬಂದದ್ದು ಎಂದು ನನಗೆ ಗೊತ್ತಿತ್ತು. ಹೊರಗಿನಿಂದ ಬರುವ ತಂಡಗಳಲ್ಲಿ ಯಾವುದಕ್ಕೂ ಸ್ವಂತ ಅಂಗಿ ಇರುತ್ತಿರಲಿಲ್ಲ. ಪಂದ್ಯ ನಡೆಸುವ ಊರಿನ ಕ್ಲಬ್ಬು ಏಳು ಕೆಂಪು, ಏಳು ನೀಲಿ ಅಂಗಿ ಇಟ್ಟುಕೊಳ್ಳುತ್ತಿತ್ತು. ಮೊದಲನೇ ಪಂದ್ಯ ಮುಗಿದ ಕೂಡಲೇ ಕ್ಲಬ್ಬಿನ ಹುಡುಗರು ಮೈದಾನಕ್ಕೆ ಓಡಿ, ಆಟಗಾರರ ಮೈಯಿಂದ ಕಳಚಿಸಿಕೊಂಡು, ಎರಡನೇ ಪಂದ್ಯದವರಿಗೆ ಹಾಗೆಯೇ ತೊಡಿಸುವುದು. ಒಬ್ಬನ ಬೆವರು ಇನ್ನೊಬ್ಬನ ಬೆನ್ನಿಗೆ. ನಮ್ಮ ಊರಿನ ಹದಿನಾಲ್ಕು ಅಂಗಿಗಳನ್ನೂ ಹೊಲಿದವಳು ನನ್ನ ಅಮ್ಮ, ನಮ್ಮ ಜಗಲಿಯಲ್ಲಿ ಕೂತು, ಕೈಮೆಷಿನಿನಲ್ಲಿ. ಇಷ್ಟೆಲ್ಲ ಗೊತ್ತಿದ್ದೂ ನನಗೆ ಅದು ಗೊತ್ತಿರಲಿಲ್ಲ. ಹಗಲಿನಲ್ಲಿ ನಮ್ಮ ಬೇಲಿ ಕಟ್ಟಿಕೊಟ್ಟವನೇ ಭೂತಕೋಲದ ದಿನ ಮುಖಕ್ಕೆ ಬಣ್ಣ ಹಚ್ಚಿ, ತಲೆಗೆ ಅಣಿ ಏರಿಸಿ ನಿಂತರೆ ನಾವು ಬೇಲಿಯ ವಿಷಯ ಎತ್ತುತ್ತೇವೆಯೇ? ಕೈ ಮುಗಿಯುತ್ತೇವೆ. ಒಂಬತ್ತನೇ ನಂಬರಿನ ಮೈಗೆ ಏರಿದ ಮೇಲೆ ಆ ಅಂಗಿಯೂ ಅಮ್ಮ ಹೊಲಿದದ್ದಾಗಿ ಉಳಿಯಲಿಲ್ಲ.

ಶನಿವಾರ ಎರಡು ಸೆಮಿಫೈನಲ್. ಅವನದು ಮೊದಲನೆಯದು. ಅಡಕೆಮರ ಕಟ್ಟಿ ಮಾಡಿದ ಗ್ಯಾಲರಿಯಲ್ಲಿ ನಾನೂ ಗೆಳೆಯನೂ ಎಲ್ಲರಿಗಿಂತ ಕೆಳಗಿನ ಮರದಲ್ಲಿ ಕೂತಿದ್ದೆವು, ಇಳಿಯಲು ಸಮಯ ಹಾಳಾಗಬಾರದೆಂದು. ಮೈಕಿನಲ್ಲಿ ಕ್ಲಬ್ಬಿನ ಅಧ್ಯಕ್ಷರು. ಅವರದು ಪೇಟೆಯಲ್ಲಿ ಸೈಕಲ್ ಅಂಗಡಿ. ಪಂಕ್ಚರ್ ಹಾಕುವಾಗ ಸಾಮಾನ್ಯ ಮನುಷ್ಯರ ಹಾಗೆ ಮಾತಾಡುತ್ತಿದ್ದ ಅವರು ಮೈಕು ಕೈಗೆ ಬಂದರೆ ಒಮ್ಮೆಲೇ ಗ್ರಾಂಥಿಕರಾಗುತ್ತಿದ್ದರು.

ಅವನು ನಾನು ಅಂದುಕೊಂಡಷ್ಟು ಎತ್ತರ ಇರಲಿಲ್ಲ. ಬರಿಗಾಲು. ಪಾದಗಳು ಮಾತ್ರ ಬೇರೆ ಯಾರಿಗೋ ಮಾಡಿಟ್ಟಿದ್ದನ್ನು ಇವನಿಗೆ ಜೋಡಿಸಿದ ಹಾಗೆ ಅಗಲ. ಅರ್ಧ ಹೊತ್ತು ಅವನು ಓಡಲೂ ಇಲ್ಲ, ಸಂತೆಯಲ್ಲಿ ತರಕಾರಿ ನೋಡುವವರ ಹಾಗೆ ಅಡ್ಡಾಡುತ್ತಿದ್ದ. ಕಂಡಕ್ಟರು ನಮಗೂ ಚಿಲ್ಲರೆ ಕೊಡದೆ ಕಳಿಸಿದರೋ ಎಂದು ನನಗೆ ಅನುಮಾನ ಹುಟ್ಟಿತು. ಆಗ ದೂರದಿಂದ ಒಂದು ಚೆಂಡು ಎತ್ತರಕ್ಕೆ ಹಾರಿ ಬಂತು. ಅವನು ಎದೆ ಒಡ್ಡಿದ. ದಣಿದು ಬಂದ ನೆಂಟರು ಜಗಲಿಯಲ್ಲಿ ಕೂತ ಹಾಗೆ ಚೆಂಡು ಅಲ್ಲಿ ಒಂದು ಗಳಿಗೆ ಕೂತಿತು. ಅದು ಅಲ್ಲಿಂದ ಇಳಿಯುವಾಗ ಅವನು ಅರ್ಧ ತಿರುಗಿದ್ದನ್ನು ಕಂಡೆ. ಕಾಲು ಎತ್ತಿದ್ದನ್ನು ಕಾಣಲಿಲ್ಲ. ಗೋಲಿನ ಹಿಂದೆ ಕಟ್ಟಿದ್ದ ಮೀನುಬಲೆ ಬೆನ್ನು ಚಾಚಿ ಹಿಂದಕ್ಕೆ ಹೋಗಿ ಬಂತು. ಶಬ್ದ ಆಮೇಲೆ ಕೇಳಿಸಿತು. ನನ್ನ ಪಕ್ಕದ ಮುದುಕರೊಬ್ಬರು ಬಾಯಿಗೆ ಹಾಕಲು ಹೊರಟ ವೀಳ್ಯವನ್ನು ಹಾಗೆಯೇ ಹಿಡಿದುಕೊಂಡಿದ್ದರು. ಮೈಕು ಕೂಡ ಮಾತಾಡಲಿಲ್ಲ. ಅಧ್ಯಕ್ಷರ ಗ್ರಂಥದಲ್ಲಿ ಅದಕ್ಕೆ ಪದ ಇರಲಿಲ್ಲ.

ಕೊನೆಯ ಸೀಟಿ ಬಿತ್ತು, ನಾವು ಓಡಿದೆವು. ಮೈದಾನದ ನಡುವಿಗೆ ಮುಟ್ಟುವವರೆಗೆ ನನಗೆ ಧೈರ್ಯವಿತ್ತು. ಅವನ ಎದುರು ನಿಂತದ್ದೇ ತಡ, ದಾರಿಯಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಬೆವರು, ಹಸಿ ಮಣ್ಣು, ಬೀಡಿ ಇವುಗಳ ವಾಸನೆ. ನನ್ನ ಎರಡೂ ಅಂಗೈಗಳು ತಾವಾಗಿಯೇ ಪ್ರಸಾದಕ್ಕೆ ಒಡ್ಡಿದ ಹಾಗೆ ಮುಂದೆ ಚಾಚಿದವು.

ಅವನು ನನ್ನನ್ನು ಒಮ್ಮೆ ನೋಡಿದ. ಅಂಗಿ ಕಳಚಿ ನನ್ನ ಕೈಗೆ ಹಾಕಿ, "ಬೇಗ ಹೋಗು ಮೋನೇ" ಎಂದ.

ಮೋನೇ ಎಂದರೆ ಮಗನೇ. ಅದರ ಹಿಂದಿನ ಎರಡು ಶಬ್ದಗಳ ಮೇಲೆ ನಾನು ಗಮನ ಕೊಡಬೇಕಿತ್ತು. ಕೊಡುವ ಮೊದಲೇ ಎರಡನೇ ನಂಬರಿನವನು ಬಂದು ತನ್ನ ಅಂಗಿಯನ್ನೂ ನನ್ನ ಕೈ ಮೇಲೆ ಹಾಕಿದ. ಆಮೇಲೆ ಐದನೆಯವನು, ಏಳನೆಯವನು. ಗೋಲಿ ಕೂಡ ಅಷ್ಟು ದೂರದಿಂದ ನಡೆದು ಬಂದು ಗೆಳೆಯನ ಹೆಗಲಿಗೆ ತನ್ನದನ್ನು ಇಳಿಸಿ ಹೋದ. ಒಂದು ಅಂಗಿಗೆ ಆಸೆಪಟ್ಟು ಬಂದವರಿಗೆ ಏಳು. ಮಲೆಯಾಳದವರ ಔದಾರ್ಯ ಕಂಡು ನನ್ನ ಕಣ್ಣು ತುಂಬಿತು. ಪರದೇಶದ ಚಿತ್ರದಲ್ಲಿ ಕೂಡ ಒಬ್ಬನೇ ಬರಿಮೈಯಲ್ಲಿದ್ದ, ಇಲ್ಲಿ ಇಡೀ ತಂಡ. ನಾವು ನಿಲ್ಲದೆ ಶಾಲೆಯ ಹಿಂಬದಿಯ ಗೇಟಿನಿಂದ ಮನೆಯವರೆಗೆ ಓಡಿದೆವು.

ಅಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಮನೆಯಲ್ಲಿ ನಾವು ಆಡುವುದು ಅರೆಭಾಷೆ, ಇಲ್ಲಿ ಎಲ್ಲರಿಗೂ ತಿಳಿಯುವ ಹಾಗೆ ಬರೆದಿದ್ದೇನೆ. ಕ್ಲಬ್ಬಿನ ಅಂಗಿ ಇಲ್ಲಿಗೆ ಯಾಕೆ ಬಂತು ಎಂದು ಅವಳು ಕೇಳಿದಳು. ಆಟಗಾರರು ಕೊಟ್ಟರು ಎಂದೆ.

"ಏಳೂ ಕೊಟ್ರಾ?"

"ಏಳೂ. ಅಭಿಮಾನಕ್ಕೆ."

ಅಮ್ಮ ಒಂಬತ್ತನೆಯದನ್ನು ಎರಡು ಬೆರಳಲ್ಲಿ ಎತ್ತಿ ಬೆನ್ನು ತಿರುಗಿಸಿದಳು. "ಇದು ನಿನ್ನ ಅಪ್ಪನ ಹಳೇ ಪಂಚೆ ಕತ್ತರಿಸಿ ಹೊಲ್ದ ಒಂಬತ್ತು. ನೋಡು, ಈ ಅಂಚಲ್ಲಿ ಬಟ್ಟೆ ಸಾಲದೆ ತೇಪೆ ಕೊಟ್ಟದ್ದುಂಟು. ಅಭಿಮಾನವಂತೆ. ಅವರು ನಿನ್ನನ್ನು ಅಂಗಿ ಒಟ್ಟುಮಾಡ್ಲಿಕ್ಕೆ ಬಂದವ ಅಂತ ಗ್ರಹಿಸಿದ್ದು ಮಾರಾಯ."

ಅದೇ ಹೊತ್ತಿಗೆ ಮೈದಾನದ ಕಡೆಯಿಂದ ಮೈಕು ತಾಲೂಕಿಗೆಲ್ಲ ಕೇಳುವ ಹಾಗೆ ಅವಳ ಮಾತನ್ನು ಸಮರ್ಥಿಸಿತು. ಕೆಂಪು ಅಂಗಿಗಳನ್ನು ಕೊಂಡುಹೋದ ಮಹನೀಯರು ಎಲ್ಲಿದ್ದರೂ ತತ್‌ಕ್ಷಣ ಆಗಮಿಸತಕ್ಕದ್ದು. ದ್ವಿತೀಯ ಪಂದ್ಯವಾಡಬೇಕಾದ ಪುತ್ತೂರಿನ ಅತಿಥಿ ಆಟಗಾರರು ಬರಿಮೈಯಲ್ಲಿ ನಿಂತಿದ್ದಾರೆ. ಇದು ಸುಳ್ಯದ ಮಾನದ ಪ್ರಶ್ನೆ. ಮಹನೀಯರಲ್ಲಿ ಒಬ್ಬ ಬೇಲಿ ಹಾರಿ ತನ್ನ ಮನೆಯ ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡ. ಉಳಿದವನು ನಾನು.

ಸುಳ್ಯದ ಮಾನವನ್ನು ಉಳಿಸಲು ನನ್ನ ಅಡ್ಡಿಯೇನೂ ಇರಲಿಲ್ಲ. ಆರು ಅಂಗಿಗಳಷ್ಟು ಮಾನ ಉಳಿಸೋಣ, ಏಳನೆಯದಕ್ಕೆ ಅವರು ಏನಾದರೂ ಮಾಡಿಕೊಳ್ಳಲಿ ಎಂದು ಯೋಚಿಸಿದೆ. ದಾರಿಯಲ್ಲಿ ಆಲದ ಮರದ ಹಿಂದೆ ನಿಂತು ಒಂಬತ್ತನೆಯದನ್ನು ಮಡಚಿ ನನ್ನ ಅಂಗಿಯ ಒಳಗೆ, ಹೊಟ್ಟೆಯ ಮೇಲೆ ಇಟ್ಟುಕೊಂಡೆ. ಅದು ಇನ್ನೂ ಬೆಚ್ಚಗಿತ್ತು.

ಮೈದಾನದ ಬದಿಯಲ್ಲಿ ಅಧ್ಯಕ್ಷರು ಆರನ್ನು ತೆಗೆದುಕೊಂಡು ನನ್ನನ್ನೇ ನೋಡಿದರು. ಅವರ ಹಿಂದೆ ಹುಲ್ಲಿನಲ್ಲಿ, ಹೆಗಲಿಗೆ ಮೈ ಒರೆಸುವ ಬೈರಾಸು ಹಾಕಿಕೊಂಡು, ಒಂಬತ್ತನೇ ನಂಬರು ಕೂತು ಸೋಡಾ ಕುಡಿಯುತ್ತಿದ್ದ.

"ಹೊಟ್ಟೆ ಯಾಕೆ ಉಬ್ಬಿದ್ದು ಮಾರಾಯ?" ಎಂದರು ಅಧ್ಯಕ್ಷರು, ಪಂಕ್ಚರಿನ ಭಾಷೆಯಲ್ಲಿ. "ಬೆಳಿಗ್ಗೆ ಇರ್ಲಿಲ್ಲ."

ಸುತ್ತ ಇದ್ದವರು ನಕ್ಕರು. ನಾನು ತೆಗೆದು ಕೊಟ್ಟೆ. ಕೊಡುವಾಗ ಅಳು ಬಂತು. ಅದು ಸಿಕ್ಕಿಬಿದ್ದದ್ದಕ್ಕೆ ಬಂದ ಅಳು ಎಂದು ಅವರೆಲ್ಲ ತಿಳಿದರು. ಪಂಡಿತರ ಮಗ ಹೀಗೆ ಮಾಡುದಾ ಎಂದು ಅಧ್ಯಕ್ಷರು ಶುರುಮಾಡುವಷ್ಟರಲ್ಲಿ ಒಂಬತ್ತನೇ ನಂಬರು ಸೋಡಾ ಬಾಟಲಿ ಕೆಳಗಿಟ್ಟು, ಇವನಿಗೆ ಅದೊಂದೇ ಯಾಕೆ ಬೇಕಿತ್ತು ಎಂದು ವಿಚಾರಿಸಿದ. ನೀವು ತೊಟ್ಟದ್ದಲ್ವಾ, ಅದಕ್ಕೆ, ಎಂದು ಯಾರೋ ಹೇಳಿದರು.

ಅವನು ನಗಲಿಲ್ಲ. ಮಲೆಯಾಳ ಬೆರೆತ ಕನ್ನಡದಲ್ಲಿ, ತಪ್ಪು ತನ್ನದೇ ಎಂಬಂತೆ ನನಗೆ ವಿವರಿಸಿದ. "ಅದು ನನ್ನದಲ್ಲ ಮೋನೇ. ಕಡಬದಲ್ಲಿ ಕಡಬದ ಅಂಗಿ, ಪುತ್ತೂರಲ್ಲಿ ಪುತ್ತೂರಿನ ಅಂಗಿ. ನನ್ನದು ಅಂತ ಒಂದಿಲ್ಲ."

ಇಡೀ ಸೀಮೆಯ ಗೋಲಿಗಳು ಯಾವ ನಂಬರನ್ನು ಕನಸಿನಲ್ಲಿ ಕಂಡು ಬೆಚ್ಚುತ್ತಿದ್ದರೋ ಆ ನಂಬರಿನ ಅಂಗಿ ಅವನ ಹತ್ತಿರ ಇರಲಿಲ್ಲ. ಹೋದ ಊರಿನಲ್ಲಿ ಇಸಿದುಕೊಂಡು, ಗೆದ್ದು, ಕಳಚಿ ಕೊಟ್ಟು, ಬಸ್ಸು ಹತ್ತುತ್ತಿದ್ದ. ನನಗೆ ಅವನ ಮೇಲಿದ್ದ ಭಕ್ತಿ ಆಗ ಕಡಿಮೆಯಾಗಬೇಕಿತ್ತು ಎಂದು ಕಾಣುತ್ತದೆ. ಆದದ್ದು ಉಲ್ಟಾ. ಇನ್ನು ಅವನ ಮುಖ ನೋಡುವುದಕ್ಕೂ ನನಗೆ ಹೆದರಿಕೆಯಾಯಿತು.

ಎರಡನೇ ಪಂದ್ಯದಲ್ಲಿ ಪುತ್ತೂರಿನ ಬಡಗಿಯೊಬ್ಬ ಅದೇ ಅಂಗಿ ತೊಟ್ಟು ಆಡಿ, ಚೆಂಡಿನ ಸಮೇತ ಗೆರೆ ದಾಟಿ, ಕಡಲೆ ಮಾರುವವರ ಬುಟ್ಟಿಗೆ ಬಿದ್ದ. ಅಂಗಿಯ ತಪ್ಪಲ್ಲ.

ಭಾನುವಾರ ಫೈನಲ್. ನಮ್ಮ ದೆಸೆಯಿಂದ ಮೈದಾನದ ಸುತ್ತ ಹಗ್ಗ ಕಟ್ಟಿದ್ದರು, ಹಗ್ಗದ ಒಳಗೆ ಇಬ್ಬರು ಬೆತ್ತ ಹಿಡಿದು ತಿರುಗುತ್ತಿದ್ದರು. ನನ್ನನ್ನು ಕಂಡಾಗಲೆಲ್ಲ ಅವರು ಬೆತ್ತವನ್ನು ಕೈ ಬದಲಿಸುತ್ತಿದ್ದರು. ಗೆಳೆಯ ಬಚ್ಚಲಿನಿಂದ ಹೊರಬಂದು ನನ್ನ ಪಕ್ಕದಲ್ಲಿದ್ದ, ಅಷ್ಟು ಪಕ್ಕದಲ್ಲಲ್ಲ. ಒಂಬತ್ತನೇ ನಂಬರು ಎರಡು ಗೋಲು ಹೊಡೆದ. ಮೊದಲನೆಯದನ್ನು ನಾನು ಈಗಲೂ ವಿವರಿಸಬಲ್ಲೆ. ಎರಡನೆಯದನ್ನು ವಿವರಿಸಲು ನಲುವತ್ತು ವರ್ಷಗಳಿಂದ ಪ್ರಯತ್ನಿಸುತ್ತಿದ್ದೇನೆ. ಮೂವರು ಅವನನ್ನು ಸುತ್ತುಗಟ್ಟಿದ್ದರು. ಆಮೇಲೆ ಆ ಮೂವರು ಒಬ್ಬರನ್ನೊಬ್ಬರು ಸುತ್ತುಗಟ್ಟಿದ್ದರು, ಅವನು ಅಲ್ಲಿರಲಿಲ್ಲ.

ಸೀಟಿ ಬಿದ್ದಾಗ ನಾನು ಕದಲಲಿಲ್ಲ. ಕೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಅವನು ಕೆಂಪಂಗಿ ಕಳಚಿ ಕ್ಲಬ್ಬಿನ ಹುಡುಗನ ಕೈಗೆ ಕೊಟ್ಟ. ಕಪ್ಪನ್ನು ಅಧ್ಯಕ್ಷರ ಭಾಷಣದ ಸಮೇತ ಸ್ವೀಕರಿಸಿದ. ಆಮೇಲೆ ತಂಡದವರು ಬಟ್ಟೆ ರಾಶಿ ಹಾಕಿದ್ದ ಮೂಲೆಗೆ ಹೋಗಿ, ಏನನ್ನೋ ಎತ್ತಿಕೊಂಡು, ಬರಿಮೈಯಲ್ಲೇ ಇಡೀ ಮೈದಾನ ದಾಟಿ ಹಗ್ಗದ ಹತ್ತಿರ ಬಂದ. ಬೆತ್ತದವರು ಬದಿಗೆ ಸರಿದರು.

ಅವನ ಕೈಯಲ್ಲಿದ್ದದ್ದು ಬಸ್ಸಿನಲ್ಲಿ ತೊಟ್ಟು ಬಂದಿದ್ದ ಬಿಳಿ ಅರ್ಧ ತೋಳಿನ ಅಂಗಿ. ಕಾಲರು ಸವೆದಿತ್ತು, ಹೆಗಲ ಮೇಲೆ ಮರದ ಅಂಟಿನ ಕಲೆ. ಅದನ್ನು ನನ್ನ ಕೈಯಲ್ಲಿಟ್ಟು, "ಇದು ನನ್ನದು" ಎಂದ.

ಬೇಡ ಎನ್ನಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಅವನು ಏನು ತೊಟ್ಟು ಊರಿಗೆ ಹೋಗುತ್ತಾನೆ ಎಂದೂ ಹೊಳೆಯಲಿಲ್ಲ. ಆ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಓಡದೆ, ಜಾತ್ರೆಯಲ್ಲಿ ದೇವರ ಬಲಿಮೂರ್ತಿ ಹೊತ್ತವರ ಹಾಗೆ ಹೆಜ್ಜೆ ಹಾಕುತ್ತ ಮನೆಗೆ ಬಂದೆ.

ಅಮ್ಮನಿಗೆ ಮೊದಲು ಹೊಳೆದದ್ದೇ ಅದು. "ಅವರು ಈಗ ಎಂತ ಹಾಕಿಕೊಂಡಿದ್ದಾರೆ?"

"ಬೈರಾಸು."

ಅಮ್ಮ ಅಪ್ಪನ ಕಡೆ ನೋಡಿದಳು. ನಮ್ಮ ಊರಿಗೆ ಬಂದ ನೆಂಟರೊಬ್ಬರನ್ನು ಮೈಮೇಲಿನದನ್ನು ಬಿಚ್ಚಿಸಿ ಕಳಿಸಿದ ಕೀರ್ತಿ ನಮ್ಮ ಮನೆಗೆ ಬರುವುದಿತ್ತು. ಬಿಳಿ ಅಂಗಿಯನ್ನು ವಾಪಸು ಕೊಡು ಎಂದು ಅವಳು ಹೇಳಿಯಾಳು ಎಂದು ನಾನು ಅದನ್ನು ಎದೆಗೆ ಅವುಚಿಕೊಂಡೆ. ಅವಳು ಹಾಗೆ ಹೇಳಲಿಲ್ಲ. ಕೊಟ್ಟದ್ದನ್ನು ತಿರುಗಿ ಕೊಡುವುದು ಇನ್ನೂ ದೊಡ್ಡ ಅವಮಾನ ಎಂದಳು. ಒಳಗೆ ಹೋಗಿ, ಸೋಮವಾರದ ಶಾಲೆಗೆಂದು ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟಿದ್ದ ಅಪ್ಪನ ಉದ್ದ ತೋಳಿನ ಅಂಗಿ ತಂದಳು. ನಾನು ಕೈ ಚಾಚಿದೆ. ಅಂಗಿಯ ವಿಷಯದಲ್ಲಿ ಇನ್ನು ನಿನ್ನನ್ನು ನಂಬುವ ಹಾಗಿಲ್ಲ ಎಂದು ಅಪ್ಪ ಅದನ್ನು ತಾವೇ ತೆಗೆದುಕೊಂಡು ಚಪ್ಪಲಿ ಮೆಟ್ಟಿದರು.

ಗಡಿ ಕಡೆಯ ಸಂಜೆಯ ಬಸ್ಸು ಹೊರಡಲು ನಿಂತಿತ್ತು. ಅವನು ಬಸ್ಸಿನ ಬದಿಯಲ್ಲಿ ತಂಡದವರ ಜೊತೆ ನಿಂತು ಕಿತ್ತಳೆ ಸುಲಿಯುತ್ತಿದ್ದ. ಅವನನ್ನು ನೋಡಿದ ಹೆಂಗಸರು ಸೆರಗು ಸರಿಮಾಡಿಕೊಂಡು ಇನ್ನೊಂದು ಬಾಗಿಲಿನಿಂದ ಹತ್ತುತ್ತಿದ್ದರು. ಅದು ಯಾರು ಎಂದು ಅವರಿಗೆ ಗೊತ್ತಿರಲಿಲ್ಲ. ಅಪ್ಪನಿಗೆ ಕೂಡ ಸರಿಯಾಗಿ ಗೊತ್ತಿರಲಿಲ್ಲ, ಒಂದು ದಿನವೂ ಮೈದಾನದ ಕಡೆ ತಲೆ ಹಾಕಿದವರಲ್ಲ. ಬರುವ ದಾರಿಯಲ್ಲಿ, ಮರ ಹೊರುವವನಿಗೆ ಇಷ್ಟೂ ಬುದ್ಧಿ ಬೇಡವೇ, ಹುಡುಗ ಕೇಳಿದ ಎಂದು ಇದ್ದದ್ದನ್ನು ಕೊಡುದಾ ಎಂದು ಗೊಣಗುತ್ತಲೇ ಬಂದಿದ್ದರು. ತರಗತಿಯಲ್ಲಿ ಎಷ್ಟು ದೊಡ್ಡ ಹುಡುಗನನ್ನಾದರೂ ಏಕವಚನದಲ್ಲೇ ಕರೆಯುತ್ತಿದ್ದ ಅಪ್ಪ ಅವನ ಎದುರು ನಿಂತು, ಗಂಟಲು ಸರಿಮಾಡಿಕೊಂಡು, "ನೀವು ಇದನ್ನು ಹಾಕಿಕೊಳ್ಳಬೇಕು" ಎಂದರು.

ಅವನು ನನ್ನನ್ನು ನೋಡಿದ, ಅಪ್ಪನನ್ನು ನೋಡಿದ, ಕಿತ್ತಳೆಯ ಕೈಯನ್ನು ಬೈರಾಸಿಗೆ ಒರೆಸಿಕೊಂಡ. ಬೇಡ ಎಂದು ಅವನೂ ಹೇಳಲಿಲ್ಲ. ಮೊದಲು ಬಲತೋಳು ತೂರಿಸಿದ, ಆಮೇಲೆ ಎಡತೋಳು, ಕತ್ತಿನವರೆಗೆ ಗುಂಡಿ ಹಾಕಿಕೊಂಡ. ಗಂಜಿಗೆ ನಿಗುರಿ ನಿಂತ ಆ ಬಿಳಿ ಅಂಗಿಯಲ್ಲಿ ಅವನು ಶಾಲೆಯ ತನಿಖೆಗೆ ಬಂದ ಇನ್‌ಸ್ಪೆಕ್ಟರರ ಹಾಗೆ ಕಂಡ. ಕಂಡಕ್ಟರು ಸೀಟಿ ಊದಿದರು. ಬಸ್ಸು ಕದಲಿತು. ಅವನು ಎರಡು ಹೆಜ್ಜೆ ಓಡಿ, ಕೈ ಎತ್ತಿ ಮೇಲಿನ ಕಂಬಿ ಹಿಡಿದು, ತೂಕವೇ ಇಲ್ಲದವನ ಹಾಗೆ ಬಾಗಿಲಿಗೆ ಹಾರಿದ. ಹಾರುವಾಗ ಅಂಗಿ ಹೆಗಲಿನಿಂದ ಬೆನ್ನಿನ ನಡುವಿನವರೆಗೆ ಪರ್ರನೆ ಹರಿಯಿತು. ಅವನು ತಿರುಗಿ, ಗಾಬರಿಯಾಗಿ, ಅಪ್ಪನ ಕಡೆಗೆ ಎರಡೂ ಕೈ ಜೋಡಿಸಿದ.

ಒಂದು ಗುಂಡಿ ಕಳೆದರೆ ಮನೆಯನ್ನೆಲ್ಲ ಗುಡಿಸಿ ಹುಡುಕಿಸುವ ಮನುಷ್ಯ ಅಪ್ಪ. ನಾನು ಅವರ ಮುಖ ನೋಡಿದೆ. ಅವರು ಬಸ್ಸನ್ನೇ ನೋಡುತ್ತಿದ್ದರು, ಬಾಯಿ ಸ್ವಲ್ಪ ತೆರೆದಿತ್ತು. ಬಸ್ಸು ತಿರುವು ದಾಟಿ ಅದರ ಧೂಳೂ ಇಳಿದ ಮೇಲೆ ಅವರು ನನಗೆ ಹೇಳಿದ್ದೋ ತಮಗೆ ಹೇಳಿಕೊಂಡದ್ದೋ ತಿಳಿಯದ ಹಾಗೆ ಒಂದೇ ಮಾತು ಹೇಳಿದರು.

"ಆ ಹೆಗಲಿಗೆ ನಮ್ಮ ಅಂಗಿ ಎಲ್ಲಿ ಸಾಲುದು."